ಹೊಸಬರಿಗೆ ಚಿಕ್ಕ ದೋಣಿ: ಯಾಟ್ ಕಂಪನಿಗಳ ಲೆಕ್ಕವೂ ಕನ್ನಂಬಾಡಿಯ ಹಿನ್ನೀರೂ

ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಕನ್ನಂಬಾಡಿಯ ಹಿನ್ನೀರಿನ ದಡಕ್ಕೆ ಹೋದರೆ ಎರಡು ಬಗೆಯ ಪುಟ್ಟ ದೋಣಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಬಿದಿರ ಹೆಣಿಗೆಗೆ ಹೊದಿಕೆ ಹಾಕಿ ಟಾರು ಬಳಿದ ಮೀನುಗಾರರ ತೆಪ್ಪ. ಕೆಲಸ ಮುಗಿದ ಮೇಲೆ ಅದರ ಒಡೆಯ ಅದನ್ನು ತಲೆಯ ಮೇಲೆ ಕವುಚಿಕೊಂಡು ಮನೆಯತ್ತ ನಡೆಯುತ್ತಾನೆ. ಇನ್ನೊಂದು, ಹಾಯಿ ಓಡಿಸಲು ಕಲಿಯುವ ಮಕ್ಕಳ ಆಪ್ಟಿಮಿಸ್ಟ್ ದೋಣಿ. ಅದರ ಉದ್ದ 2.3 ಮೀಟರ್, ಒಡಲಿನ ತೂಕ 35 ಕಿಲೋ, ಇಬ್ಬರು ಮಕ್ಕಳು ಸೇರಿ ಚಕ್ರದ ಗಾಡಿಯ ಮೇಲೆ ಎಳೆದು ದಡ ಹತ್ತಿಸಬಹುದಾದಷ್ಟು ಹಗುರ. ಯೂರೋಪಿನ ಹೆಸರಾಂತ ಯಾಟ್ (ವಿಹಾರ ನೌಕೆ) ತಯಾರಕರು ಕೆಲವು ವರ್ಷಗಳಿಂದ ಹೊಸ ಗ್ರಾಹಕರನ್ನು ಸೆಳೆಯಲೆಂದು ತಮ್ಮ ಸಾಲಿಗೆ ಚಿಕ್ಕ ದೋಣಿಗಳನ್ನು ಸೇರಿಸುತ್ತಿರುವ ಸುದ್ದಿಯನ್ನು ಈ ದಡದಿಂದ ಓದುವವರಿಗೆ, ಅವರು ಯಾವುದನ್ನು ಚಿಕ್ಕದೆನ್ನುತ್ತಾರೆ, ಯಾರನ್ನು ಹೊಸಬರೆನ್ನುತ್ತಾರೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

1973ರಲ್ಲಿ ಆರಂಭವಾದ ಇಂಗ್ಲೆಂಡಿನ ಆಯ್‌ಸ್ಟರ್ ಕಂಪನಿಯನ್ನು ನೋಡೋಣ. ಸಾಗರ ದಾಟುವ ಐಷಾರಾಮಿ ಹಾಯಿನೌಕೆಗಳಿಗೆ ಹೆಸರಾದ ಈ ಕಂಪನಿ 2018ರಲ್ಲಿ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿ, ಹೊಸ ಮಾಲೀಕರ ಕೈ ಸೇರಿ, ಆ ನಂತರ ತನ್ನ ಸಾಲಿನ ಅತ್ಯಂತ ಚಿಕ್ಕ ನೌಕೆಯೆಂದು ಆಯ್‌ಸ್ಟರ್ 495 ಅನ್ನು ಹೊರತಂದಿತು. ಆ ‘ಚಿಕ್ಕ’ ನೌಕೆಯ ಉದ್ದ ಸುಮಾರು 50 ಅಡಿ. ಅದರ ಬೆಲೆಯನ್ನು ನಮ್ಮ ರೂಪಾಯಿಯಲ್ಲಿ ಕೋಟಿಗಳಲ್ಲೇ ಎಣಿಸಬೇಕು. ಫಿನ್ಲೆಂಡಿನ ಸ್ವಾನ್ ನೌಕೆಗಳ ಕಥೆ ಇದಕ್ಕಿಂತ ಕುತೂಹಲಕರವಾದುದು. ಅವುಗಳನ್ನು ಕಟ್ಟುವ ನಾಟರ್ ಸಂಸ್ಥೆ 1966ರಲ್ಲಿ ಶುರುವಾದಾಗ ಮೊದಲು ರೂಪಿಸಿದ್ದು 36 ಅಡಿಯ ನೌಕೆಯನ್ನು. ಅಲ್ಲಿಂದ ಬೆಳೆಯುತ್ತ ಬೆಳೆಯುತ್ತ ನೂರು ಅಡಿಯನ್ನೂ ಮೀರಿದ ಆ ಸಂಸ್ಥೆ ಇತ್ತೀಚೆಗೆ ತಾನು ಹುಟ್ಟಿದ ಅಳತೆಗಿಂತಲೂ ಕೆಳಗಿಳಿದು ಕ್ಲಬ್‌ಸ್ವಾನ್ 28 ಎಂಬ ಸ್ಪರ್ಧಾ ದೋಣಿಯನ್ನು ಮುಂದಿಟ್ಟಿದೆ. ಫ್ರಾನ್ಸಿನ ಬೆನೆಟೋ ಇನ್ನೂ ಕೆಳಗೆ ಹೋಯಿತು. 2018ರಲ್ಲಿ ಅದು ಸ್ಲೊವೇನಿಯಾದ ಸೀಸ್ಕೇಪ್ ಎಂಬ ಪುಟ್ಟ ದೋಣಿಗಳ ಕಂಪನಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಅದರ ದೋಣಿಗಳಿಗೆ ತನ್ನ ‘ಫಸ್ಟ್’ ಎಂಬ ಹೆಸರು ಕೊಟ್ಟು, 14 ಅಡಿ ಮತ್ತು 18 ಅಡಿಯ ದೋಣಿಗಳನ್ನು ಕೂಡ ತನ್ನ ಮಳಿಗೆಗೆ ತಂದಿತು.

ಮೂರನ್ನೂ ಸುದ್ದಿಗಳು ಒಂದೇ ಮಾತಿನಲ್ಲಿ ಹೊಸಬರಿಗೆ ತೆರೆದ ಬಾಗಿಲು ಎಂದು ಕರೆಯುತ್ತವೆ. ನನ್ನ ಮಟ್ಟಿಗೆ ಇವು ಬೇರೆ ಬೇರೆ ಬಾಗಿಲುಗಳು. ಆಯ್‌ಸ್ಟರ್ 495 ತೆರೆಯುವುದು ಆ ಹೆಸರಿನ ಒಳಕ್ಕೆ. ಅದನ್ನು ಕೊಳ್ಳುವವರು ಈಗಾಗಲೇ ಬೇರೊಂದು ನೌಕೆಯನ್ನು ನಡೆಸಿ ಪಳಗಿದವರು. ಫಸ್ಟ್ 14 ತೆರೆಯುವುದು ನೀರಿಗೆ. ಹಾಯಿಯ ಹಗ್ಗವನ್ನು ಎಂದೂ ಹಿಡಿಯದವರೂ ಅದರಲ್ಲಿ ಕಲಿಯಬಹುದು. ಮೊದಲನೆಯದು ಮಾರಾಟದ ತಂತ್ರ, ಎರಡನೆಯದು ಮುಂದಿನ ತಲೆಮಾರಿನ ಹಾಯಿಗಾರರನ್ನು ಬೆಳೆಸುವ ಕೆಲಸ. ಈ ವ್ಯತ್ಯಾಸ ಏಕೆ ಮುಖ್ಯವೆಂಬುದು ತಿಳಿಯಬೇಕಾದರೆ, ಇದೇ ಕಂಪನಿಗಳು ಚಿಕ್ಕ ದೋಣಿಗಳ ಕೈಬಿಟ್ಟದ್ದು ಹೇಗೆ ಎಂಬುದನ್ನು ನೋಡಬೇಕು.

ದೋಣಿಯ ಉದ್ದ ಸ್ವಲ್ಪ ಹೆಚ್ಚಾದರೆ ಅದರ ಗಾತ್ರ ಬಹಳ ಹೆಚ್ಚಾಗುತ್ತದೆ, ಏಕೆಂದರೆ ಉದ್ದದ ಜೊತೆಗೆ ಅಗಲವೂ ಆಳವೂ ಬೆಳೆಯುತ್ತವೆ. ಬೆನೆಟೋದ ಓಷಾನಿಸ್ 30.1 ನೌಕೆಯ ತೂಕ ಸುಮಾರು 4 ಟನ್. ಅದೇ ಸಾಲಿನ ಓಷಾನಿಸ್ 40.1ರ ತೂಕ ಸುಮಾರು 8 ಟನ್. ಉದ್ದವನ್ನು ಸ್ಥೂಲವಾಗಿ ಅಡಿಯಲ್ಲಿ ಹೇಳುವ ಹೆಸರಿನ ಅಂಕಿ ಮೂರನೇ ಒಂದು ಪಾಲು ಹೆಚ್ಚಾದರೆ ತೂಕ ಎರಡು ಪಟ್ಟಾಯಿತು, ಬೆಲೆಯೂ ಹೆಚ್ಚುಕಡಿಮೆ ತೂಕದ ಹಿಂದೆಯೇ ಸಾಗುತ್ತದೆ. ಆದರೆ ಕಟ್ಟುವ ಕೆಲಸ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಚಿಕ್ಕ ನೌಕೆಗೂ ಎಂಜಿನ್ ಬೇಕು, ಶೌಚಾಲಯ ಬೇಕು, ಅಡುಗೆಯ ಒಲೆ, ನೀರಿನ ಟ್ಯಾಂಕು, ವಿದ್ಯುತ್ ತಂತಿ, ದಿಕ್ಕು ಮತ್ತು ಆಳ ತೋರಿಸುವ ಉಪಕರಣಗಳು ಬೇಕು. ಇವೆಲ್ಲವನ್ನೂ ಇನ್ನೂ ಇಕ್ಕಟ್ಟಾದ ಜಾಗದಲ್ಲಿ ಕೂರಿಸಬೇಕಾದ್ದರಿಂದ ಕೆಲಸಗಾರನ ಕೈ ಇನ್ನಷ್ಟು ನಿಧಾನವಾಗುತ್ತದೆ. ಅಚ್ಚು ತಯಾರಿಸುವ ಖರ್ಚು, ವಿನ್ಯಾಸಕಾರನ ಶುಲ್ಕ, ಸುರಕ್ಷತೆಯ ಪ್ರಮಾಣಪತ್ರ, ಪ್ರದರ್ಶನಗಳಲ್ಲಿ ಮಳಿಗೆ ಹಾಕುವ ವೆಚ್ಚ, ಇವು ದೋಣಿ ಚಿಕ್ಕದೆಂದು ರಿಯಾಯಿತಿ ಕೊಡುವುದಿಲ್ಲ. ಹೀಗಾಗಿ ಒಂದು ಚಿಕ್ಕ ನೌಕೆಯಿಂದ ಉಳಿಯುವ ಲಾಭ ತೀರ ತೆಳು. ಅದು ಲಾಭ ತರಬೇಕಾದರೆ ನೂರಾರು ಸಂಖ್ಯೆಯಲ್ಲಿ ಮಾರಾಟವಾಗಬೇಕು.

ನೂರಾರು ಮಾರಾಟಕ್ಕೆ ಅಡ್ಡ ನಿಂತದ್ದು, ಮೊದಲು ಈ ಉದ್ಯಮವನ್ನೇ ಎತ್ತಿ ನಿಲ್ಲಿಸಿದ ಫೈಬರ್‌ಗ್ಲಾಸ್. ಮರದ ದೋಣಿಯನ್ನು ಒಂದೊಂದಾಗಿ ಕಟ್ಟಬೇಕಿತ್ತು, ಪ್ರತಿ ವರ್ಷ ಬಣ್ಣ ಬಳಿದು ಬಿರುಕು ಮುಚ್ಚಬೇಕಿತ್ತು, ಅಷ್ಟಾದರೂ ಅದು ಕೊಳೆಯುತ್ತಿತ್ತು. 1959ರಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪಿಯರ್ಸನ್ ಟ್ರೈಟನ್ ಎಂಬ 28 ಅಡಿಯ ನೌಕೆಯಿಂದ ಮುಂದಕ್ಕೆ, ಒಂದೇ ಅಚ್ಚಿನಿಂದ ನೂರಾರು ಒಡಲುಗಳನ್ನು ತೆಗೆಯುವ ಪದ್ಧತಿ ಹಬ್ಬಿತು. ಮಧ್ಯಮ ವರ್ಗದ ಕುಟುಂಬಗಳು ಮೊದಲ ಬಾರಿಗೆ ನೌಕೆಯ ಮಾಲೀಕರಾದವು. ಆದರೆ ಆ ಒಡಲುಗಳು ಕೊಳೆಯಲಿಲ್ಲ. ಅರವತ್ತು ವರ್ಷಗಳ ಹಿಂದಿನ ದೋಣಿಗಳು ಇಂದಿಗೂ ತೇಲುತ್ತಿವೆ. ಹೊಸ ಚಿಕ್ಕ ನೌಕೆಯೊಂದರ ಬೆಲೆಗೆ ಅದಕ್ಕಿಂತ ದೊಡ್ಡದಾದ, ಬಳಸಿದ ನೌಕೆ ಸಿಗುವಾಗ ಕೊಳ್ಳುವವರು ಎರಡನೆಯದರತ್ತ ತಿರುಗಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೊಸದನ್ನೇ ಕೊಳ್ಳಬಲ್ಲ ಸಿರಿವಂತರು ಮಾತ್ರ ಕಾರ್ಖಾನೆಯ ಬಾಗಿಲಲ್ಲಿ ಉಳಿದರು, ಅವರು ಕೇಳಿದ್ದು ದೊಡ್ಡದನ್ನು. ಕಂಪನಿಗಳೂ ಅವರ ಹಿಂದೆ ಹೋದವು.

ಕೋವಿಡ್ ಬಂದಾಗ ಮೊದಲು ಈ ದಾರಿ ಸರಿಯೆಂದೇ ತೋರಿತು. 2020 ಮತ್ತು 2021ರಲ್ಲಿ ಜನರಿಂದ ದೂರವಿದ್ದು ಬಯಲಲ್ಲಿ ಕಾಲ ಕಳೆಯುವ ಬಯಕೆಯಿಂದ ದೋಣಿಗಳ ಬೇಡಿಕೆ ಉಕ್ಕಿತು, ಹಿಂದೆಂದೂ ದೋಣಿ ಇಟ್ಟುಕೊಳ್ಳದ ಕುಟುಂಬಗಳೂ ಸಾಲ ಮಾಡಿ ಕೊಂಡವು. 2022ರಿಂದ ಬಡ್ಡಿದರ ಏರಿತು, ಒಡಲಿಗೆ ಬಳಸುವ ರಾಳದ ಮತ್ತು ಸಾಗಣೆಯ ಖರ್ಚು ಏರಿತು, ಬೆಲೆಪಟ್ಟಿಗಳನ್ನು ಮತ್ತೆ ಮತ್ತೆ ತಿದ್ದಲಾಯಿತು. 2024ರ ಹೊತ್ತಿಗೆ ಬೆನೆಟೋ ಸಮೂಹದ ವರಮಾನ ಹಿಂದಿನ ವರ್ಷಕ್ಕಿಂತ ಬಹಳ ಕೆಳಗಿಳಿದಿತ್ತು. ಅದೇ ವರ್ಷ ಇಟಲಿಯ ಸ್ಯಾನ್‌ಲೊರೆಂಜೊ ಕಂಪನಿ ಸ್ವಾನ್ ನೌಕೆಗಳ ಸಂಸ್ಥೆಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಹಳೆಯ ಗ್ರಾಹಕರಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳು ಹಾಯಿಯ ಹತ್ತಿರ ಸುಳಿಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಚಿಕ್ಕ ದೋಣಿಯ ನೆನಪಾದದ್ದು ಸಹಜ.

ಈ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಮಂಡ್ಯದ ರೈತ ಹಸು ಕೊಳ್ಳುವಾಗ ಹಾಲಿನ ಲೆಕ್ಕದ ಜೊತೆಗೇ ಮೇವಿನ ಲೆಕ್ಕವನ್ನೂ ಹಾಕುತ್ತಾನೆ. ಸಂತೆಯಲ್ಲಿ ಕೊಟ್ಟ ಹಣ ಒಮ್ಮೆ ಕೊಟ್ಟದ್ದು, ಹುಲ್ಲು ಮತ್ತು ಹಿಂಡಿಯ ಹಣ ದಿನವೂ ಕೊಡಬೇಕಾದದ್ದು. ನೌಕೆಯ ಮೇವು ಎಂದರೆ ಅದನ್ನು ಕಟ್ಟಿಹಾಕುವ ಮರಿನಾದ ಬಾಡಿಗೆ, ವಿಮೆ, ಒಡಲಿನ ತಳಕ್ಕೆ ಪಾಚಿ ಕಟ್ಟದಂತೆ ಬಳಿಯುವ ಬಣ್ಣ, ಚಳಿಗಾಲದಲ್ಲಿ ಕ್ರೇನಿನಿಂದ ಎತ್ತಿ ದಡದಲ್ಲಿ ಇಡಿಸುವ ಖರ್ಚು, ಹಾಯಿ ಮತ್ತು ಹಗ್ಗಗಳ ಸವಕಳಿ. ಕೊಂಡ ಬೆಲೆಯ ಹತ್ತನೇ ಒಂದು ಪಾಲು ಪ್ರತಿ ವರ್ಷ ಇದಕ್ಕೆ ಹೋಗುತ್ತದೆಂಬುದು ದೋಣಿ ಮಾಲೀಕರ ನಡುವೆ ಚಾಲ್ತಿಯಲ್ಲಿರುವ ಸ್ಥೂಲ ಲೆಕ್ಕ. ನಾಲ್ಕು ಟನ್ ತೂಕದ ನೌಕೆಯನ್ನು ಮನೆಯ ಅಂಗಳಕ್ಕೆ ತರಲಾಗದು. ಆದ್ದರಿಂದ 40 ಅಡಿಯ ನೌಕೆಗೆ ಬದಲು 30 ಅಡಿಯದನ್ನು ತಂದಾಗ ಖರ್ಚು ಕಡಿಮೆಯಾಗುತ್ತದೆಯೇ ಹೊರತು ಖರ್ಚಿನ ಸ್ವರೂಪ ಬದಲಾಗುವುದಿಲ್ಲ. ಅದು ಬದಲಾಗುವುದು ದೋಣಿ ಮಾಲೀಕನ ಜೊತೆಗೆ ಮನೆಗೆ ಬರುವಷ್ಟು ಚಿಕ್ಕದಾದಾಗ. ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯುವ ಮೀನುಗಾರನಿಗೆ ಮರಿನಾದ ಬಾಡಿಗೆಯಿಲ್ಲ.

ಹಾಯಿದೋಣಿಯ ಚರಿತ್ರೆಯಲ್ಲಿ ನಿಜವಾಗಿಯೂ ಹೊಸ ಜನರನ್ನು ನೀರಿಗೆ ತಂದ ದೋಣಿಗಳೆಲ್ಲವೂ ಈ ಗೆರೆಯ ಕೆಳಗಿನವು, ಅವುಗಳಲ್ಲಿ ಬಹುಪಾಲು ದೊಡ್ಡ ಯಾಟ್ ಕಂಪನಿಗಳ ಹೊರಗೆ ಹುಟ್ಟಿದವು ಎಂಬುದು ಗಮನಿಸಬೇಕಾದ ಮಾತು. ಆಪ್ಟಿಮಿಸ್ಟ್ 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಹುಟ್ಟಿತು; ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರ ಊರಿನ ಮಕ್ಕಳಿಗಾಗಿ ಪ್ಲೈವುಡ್ ಹಲಗೆಗಳಿಂದ ಅದನ್ನು ರೂಪಿಸಿದ. ಬ್ರಿಟನ್ನಿನ ಮಿರರ್ ದೋಣಿಯ ಹಿಂದೆ ಇದ್ದದ್ದು ಡೈಲಿ ಮಿರರ್ ಎಂಬ ದಿನಪತ್ರಿಕೆ. ಜ್ಯಾಕ್ ಹೋಲ್ಟ್ ಎಂಬ ವಿನ್ಯಾಸಕಾರನೂ ಮನೆಯ ರಿಪೇರಿ ಕೆಲಸಗಳನ್ನು ಟೀವಿಯಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ಲನೂ ಸೇರಿ ರೂಪಿಸಿದ, 1963ರಲ್ಲಿ ಮಾರಾಟಕ್ಕೆ ಬಂದ ಆ ದೋಣಿ ಬಿಡಿಭಾಗಗಳ ಪೆಟ್ಟಿಗೆಯಾಗಿ 63 ಪೌಂಡ್ 11 ಶಿಲ್ಲಿಂಗಿಗೆ ಸಿಗುತ್ತಿತ್ತು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದರೆ ದೋಣಿ ಸಿದ್ಧ. ಬಡಗಿಯ ನುರಿತ ಕೈ ಬೇಕಿರಲಿಲ್ಲ. ಅಂಥ 70,000ಕ್ಕೂ ಹೆಚ್ಚು ದೋಣಿಗಳು ತಯಾರಾದವು, ಅನೇಕವು ಮನೆಯ ಶೆಡ್ಡುಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ. ತಾನು ಓಡಿಸುವ ದೋಣಿಯನ್ನು ತಾನೇ ಕಟ್ಟಿದವನಿಗೆ ಅದರ ರಿಪೇರಿಯೂ ತಿಳಿದಿರುತ್ತದೆ, ಇಟ್ಟುಕೊಳ್ಳುವ ಖರ್ಚೂ ಅಲ್ಲಿಗೆ ಇಳಿಯುತ್ತದೆ.

ಅದೇ ದಶಕದ ಕೊನೆಯಲ್ಲಿ ಕೆನಡಾದ ಬ್ರೂಸ್ ಕರ್ಬಿ ಗೆರೆ ಎಳೆದ ಲೇಸರ್ ಎಂಬ ಒಬ್ಬರ ದೋಣಿ 2 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ಕಾರಿನ ಮೇಲೆ ಕಟ್ಟಿ ಒಯ್ಯಬಹುದಾದ ಈ ದೋಣಿಗೆ ಈಗ ಐಎಲ್‌ಸಿಎ ಎಂದು ಹೆಸರು. ಅದೇ ಒಡಲಿಗೆ ಮೂರು ಅಳತೆಯ ಹಾಯಿಗಳಿವೆ. ಹದಿಹರೆಯದ ಹುಡುಗಿ ಚಿಕ್ಕ ಹಾಯಿಯಿಂದ ಶುರು ಮಾಡಿ, ದೋಣಿಯನ್ನು ಬದಲಿಸದೆ ಹಾಯಿಯನ್ನು ಬದಲಿಸುತ್ತ ಒಲಿಂಪಿಕ್ಸ್ ತನಕ ಹೋಗಬಹುದು. ಹೊಸಬರಿಗೆ ದಾರಿ ಮಾಡಿಕೊಡುವ ವಿನ್ಯಾಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಮಲಗಲು ಜಾಗವಿರುವ ನೌಕೆಗಳಲ್ಲಿಯೂ ಇದೇ ಬಗೆಯ ಒಂದು ಗೆಲುವು ಇದೆ: ಕ್ಯಾಲಿಫೋರ್ನಿಯಾದ ಕ್ಯಾಟಲಿನಾ 22, ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆದು ಮನೆಯ ಮುಂದೆ ನಿಲ್ಲಿಸಬಹುದಾಗಿದ್ದರಿಂದಲೇ 15,000ಕ್ಕೂ ಹೆಚ್ಚು ಕುಟುಂಬಗಳನ್ನು ತಲುಪಿತು.

ಮೈಸೂರಿನವರಿಗೆ ಈ ವಿಷಯವನ್ನು ಮೋಟಾರ್ ಸೈಕಲ್ಲಿನ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಗಾಡಿಗಳು ತಯಾರಾಗುತ್ತಿದ್ದಾಗ, ಊರಿನ ಪ್ರತಿ ಬಡಾವಣೆಯಲ್ಲೂ ಅವುಗಳ ಕಾರ್ಬುರೇಟರ್ ಬಿಚ್ಚಬಲ್ಲ ಮೆಕ್ಯಾನಿಕ್ ಇದ್ದ. ಆ ಗಾಡಿ ಮನೆಮನೆಯದಾದದ್ದಕ್ಕೆ ಬೆಲೆಯಷ್ಟೇ ಇದೂ ಕಾರಣ. ಹಾರ್ಲೆ ಡೇವಿಡ್‌ಸನ್ 2014ರಲ್ಲಿ ಸ್ಟ್ರೀಟ್ 750 ಎಂಬ ಕಡಿಮೆ ಬೆಲೆಯ ಗಾಡಿಯನ್ನು ಭಾರತಕ್ಕೆ ತಂದಿತು, 2020ರಲ್ಲಿ ಇಲ್ಲಿನ ತಯಾರಿಕೆಯನ್ನೇ ನಿಲ್ಲಿಸಿತು. ಅದೇ ಕಂಪನಿ 2023ರಲ್ಲಿ ಹೀರೋ ಜೊತೆ ಸೇರಿ 2.29 ಲಕ್ಷ ರೂಪಾಯಿಗೆ ಎಕ್ಸ್440 ಬಿಟ್ಟಾಗ, ಬಜಾಜ್ ಜೊತೆ ಟ್ರಯಂಫ್ 2.33 ಲಕ್ಷಕ್ಕೆ ಸ್ಪೀಡ್ 400 ಬಿಟ್ಟಾಗ, ಕೊಳ್ಳುವವರ ಸಾಲು ಬೆಳೆಯಿತು. ಬೆಲೆ ಇಳಿದದ್ದು ಒಂದು ಕಾರಣ. ಬಿಡಿಭಾಗವೂ ರಿಪೇರಿಯೂ ಹತ್ತಿರದಲ್ಲೇ ಸಿಗುತ್ತದೆಂಬ ನಂಬಿಕೆ ಅಷ್ಟೇ ದೊಡ್ಡ ಕಾರಣವೆಂದು ನಾನು ಭಾವಿಸುತ್ತೇನೆ. ದೋಣಿಯ ಕಂಪನಿಗಳು ಚಿಕ್ಕ ದೋಣಿಯನ್ನು ಕಟ್ಟಿ ಪ್ರದರ್ಶನದಲ್ಲಿ ನಿಲ್ಲಿಸಿ, ಅದನ್ನು ಎಲ್ಲಿ ಇಳಿಸಬೇಕು, ಯಾರ ಬಳಿ ಕಲಿಯಬೇಕು ಎಂಬುದನ್ನು ಕೊಳ್ಳುವವನ ಪಾಡಿಗೆ ಬಿಟ್ಟರೆ ಸ್ಟ್ರೀಟ್ 750ರ ಗತಿಯೇ ಅವಕ್ಕೂ ಬರಬಹುದು.

ಕೊಳ್ಳದೆಯೇ ಓಡಿಸುವ ದಾರಿಯೂ ಈಗ ಬೆಳೆಯುತ್ತಿದೆ. 1989ರಲ್ಲಿ ಫ್ಲೋರಿಡಾದಲ್ಲಿ ಶುರುವಾದ ಫ್ರೀಡಂ ಬೋಟ್ ಕ್ಲಬ್ಬಿನಲ್ಲಿ ಸದಸ್ಯರು ತಿಂಗಳ ಶುಲ್ಕ ಕೊಟ್ಟು, ಬೇಕಾದ ದಿನ ದೋಣಿ ಕಾದಿರಿಸಿ, ಮುಗಿದ ಮೇಲೆ ಬೀಗದ ಕೈ ಒಪ್ಪಿಸಿ ಹೋಗುತ್ತಾರೆ. ದೋಣಿ ಎಂಜಿನ್ ತಯಾರಿಸುವ ಬ್ರನ್ಸ್‌ವಿಕ್ ಕಂಪನಿ 2019ರಲ್ಲಿ ಅದನ್ನೇ ಕೊಂಡುಕೊಂಡಿತು. ಮೇವಿನ ಖರ್ಚು ಹತ್ತು ಮನೆಗಳಿಗೆ ಹಂಚಿಹೋಗುವ ಏರ್ಪಾಡು ಇದು.

ನಮ್ಮಲ್ಲಿಗೆ ಬರೋಣ. ತುಂಬಿದಾಗ ಸುಮಾರು 130 ಚದರ ಕಿಲೋಮೀಟರ್ ಹರಡುವ ಕೃಷ್ಣರಾಜಸಾಗರ ಸಮುದ್ರವಿಲ್ಲದ ನಮಗೆ ಒಂದು ಸಮುದ್ರವೇ. ಅಣೆಕಟ್ಟು ಮಂಡ್ಯ ಜಿಲ್ಲೆಯದು, ಹಿನ್ನೀರಿನ ಚಾಚು ಮೈಸೂರಿನದೂ ಹೌದು. ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಈ ಹಿನ್ನೀರಿನಲ್ಲಿ ಮಕ್ಕಳಿಗೆ ಹಾಯಿ ಕಲಿಸುತ್ತಿದೆ. ಇಲ್ಲಿ ಮರಿನಾ ಕಟ್ಟಿ ನೌಕೆಗಳನ್ನು ವರ್ಷವಿಡೀ ನಿಲ್ಲಿಸುವ ಮಾತು ಕಷ್ಟದ್ದು, ಏಕೆಂದರೆ ನೀರಿನ ಮಟ್ಟ ನಿಂತಲ್ಲಿ ನಿಲ್ಲುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ, 2023ರ ಬರದಲ್ಲಿ ಕಟ್ಟೆ ತುಂಬಲೇ ಇಲ್ಲ, 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿತು. ದಡ ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ. ಕುಡಿಯುವ ನೀರಿನ ಈ ಕಟ್ಟೆಗೆ ಎಂಜಿನ್ನಿನ ಎಣ್ಣೆಯೂ ಬೇಕಿಲ್ಲ. ಎಳೆದು ದಡಕ್ಕೆ ತರಬಹುದಾದ, ಗಾಳಿಯಿಂದಲೇ ಓಡುವ ಪುಟ್ಟ ದೋಣಿಗೆ ಇದಕ್ಕಿಂತ ಒಪ್ಪುವ ನೀರು ಸಿಗದು. ನೈಋತ್ಯ ಮಳೆಗಾಳಿ ಬೀಸುವ ಕಾಲಕ್ಕೇ ಕಟ್ಟೆಯೂ ತುಂಬುತ್ತ ಬರುವುದು ಇನ್ನೊಂದು ಅನುಕೂಲ.

ಒಳನಾಡಿನ ಕೆರೆಯಿಂದ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಭೋಪಾಲ್ ತೋರಿಸಿದೆ. ಅಲ್ಲಿನ ದೊಡ್ಡ ಕೆರೆಯ ಸೇಲಿಂಗ್ ಶಾಲೆಯಲ್ಲಿ ಕಲಿತ, ಮಧ್ಯಪ್ರದೇಶದ ದೇವಾಸ್ ಕಡೆಯ ರೈತನ ಮಗಳು ನೇಹಾ ಠಾಕೂರ್ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಐಎಲ್‌ಸಿಎ 4 ದೋಣಿಯಲ್ಲಿ ಬೆಳ್ಳಿ ಪದಕ ಗೆದ್ದಳು. ಲೇಸರಿನ ಅದೇ ಒಡಲು, ಅದಕ್ಕೆ ಎಲ್ಲಕ್ಕಿಂತ ಚಿಕ್ಕ ಹಾಯಿ. ಸರ್ಕಾರದ ಶಾಲೆ ದೋಣಿಯನ್ನೂ ತರಬೇತಿಯನ್ನೂ ಕೊಟ್ಟಿದ್ದರಿಂದ ಆ ಹುಡುಗಿಯ ಮನೆಯವರು ದೋಣಿ ಕೊಳ್ಳುವ ಪ್ರಶ್ನೆ ಬರಲಿಲ್ಲ. ಮಂಡ್ಯದ ಕಬ್ಬಿನ ಗದ್ದೆಯ ಮನೆಯಿಂದ ಅಂಥ ಹುಡುಗಿ ಬರಬಾರದೆಂದೇನಿಲ್ಲ. ನೀರು ಮನೆಯ ಹಿತ್ತಿಲಲ್ಲೇ ಇದೆ.

ಇಂಥ ದೋಣಿಯನ್ನು ಒಂದು ಶಾಲೆಯೋ ಕುಟುಂಬವೋ ಸ್ವಂತ ಹಣದಿಂದ ಕೊಳ್ಳಲು ಹೊರಟರೆ ಎದುರಾಗುವುದು ತೆರಿಗೆ. ವಿಹಾರಕ್ಕೆ ಅಥವಾ ಕ್ರೀಡೆಗೆ ಬಳಸುವ ಯಾಟ್ ಮತ್ತಿತರ ನೌಕೆಗಳ ಮೇಲೆ ಮೊದಲು ಶೇ 28 ಜಿಎಸ್‌ಟಿ ಮತ್ತು ಶೇ 3 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಅದೇ ದಿನ 350 ಸಿಸಿವರೆಗಿನ ಮೋಟಾರ್ ಸೈಕಲ್ಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದರದ್ದು ಶೇ 40ಕ್ಕೆ ಏರಿತು. ಕಾರಿನಲ್ಲಿಯೂ ನಾಲ್ಕು ಮೀಟರ್ ಮೀರದ, ಚಿಕ್ಕ ಎಂಜಿನ್ನಿನ ಕಾರಿಗೆ ಶೇ 18. ಗಾಡಿಗಳ ವಿಷಯದಲ್ಲಿ ಚಿಕ್ಕದು ಅಗತ್ಯದ್ದು, ದೊಡ್ಡದು ಐಷಾರಾಮದ್ದು ಎಂದು ಕಾನೂನು ಅಳತೆಪಟ್ಟಿ ಹಿಡಿದು ಗೆರೆ ಎಳೆದಿದೆ. ನೀರಿನ ಮೇಲೆ ಅಂಥ ಗೆರೆಯಿಲ್ಲ. ಕೋಟಿಗಟ್ಟಲೆ ಬೆಲೆಯ 50 ಅಡಿಯ ಆಯ್‌ಸ್ಟರ್ ಯಾವ ದರದಲ್ಲಿದೆಯೋ, ಹತ್ತು ವರ್ಷದ ಮಗು ಕೂತು ಚುಕ್ಕಾಣಿ ಹಿಡಿಯುವ ಆಪ್ಟಿಮಿಸ್ಟ್ ಕೂಡ ಅದೇ ದರದಲ್ಲಿದೆ. ಯೂರೋಪಿನ ಕಂಪನಿಗಳು ಚಿಕ್ಕ ದೋಣಿಗಳತ್ತ ತಿರುಗುತ್ತಿರುವ ಹೊತ್ತಿನಲ್ಲಿ ನಮ್ಮ ತೆರಿಗೆಯ ಪಟ್ಟಿ ಚಿಕ್ಕದನ್ನೂ ದೊಡ್ಡದನ್ನೂ ಒಂದೇ ಬುಟ್ಟಿಗೆ ಹಾಕಿರುವುದು ನನಗೆ ನೋವಿನ ವಿಷಯ.

ಗೋವಾದಲ್ಲಿ 56 ಅಡಿಯ ಮ್ಹಾದೇಯಿ ಮತ್ತು ತಾರಿಣಿಯಂಥ ಹಾಯಿನೌಕೆಗಳನ್ನು ಕಟ್ಟಿದ ಕೈಗಳು ಈ ದೇಶದಲ್ಲಿವೆ. ಆ ನೌಕೆಗಳು ಭೂಮಿಯನ್ನೇ ಸುತ್ತಿ ಬಂದಿವೆ. ಹಾಗಿರುವಾಗ ಎರಡೂಕಾಲು ಮೀಟರಿನ ದೋಣಿಯನ್ನು ಇಲ್ಲಿ ಕಟ್ಟುವುದು ಕೌಶಲ್ಯದ ಪ್ರಶ್ನೆಯಲ್ಲ, ಎಷ್ಟು ಮಂದಿ ಕೊಳ್ಳುತ್ತಾರೆಂಬ ಪ್ರಶ್ನೆ. ಐದು ಮೀಟರ್ ಮೀರದ, ಎಂಜಿನ್ ಇಲ್ಲದ ಹಾಯಿದೋಣಿಗೆ ಶೇ 18ರ ದರ, ಹಿನ್ನೀರಿನ ಸುತ್ತಲಿನ ಸರ್ಕಾರಿ ಶಾಲೆಗಳ ನಡುವೆ ಹಂಚಿಕೊಳ್ಳುವ ಹತ್ತು ದೋಣಿಗಳು, ಈಜು ಬರುವ ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ ಕಲಿಸುವ ಇಬ್ಬರು ತರಬೇತುದಾರರು, ನೀರು ಇಳಿದಂತೆ ಹಿಂದೆ ಸರಿಸಬಹುದಾದ ಒಂದು ಇಳಿಜಾರು ದಾರಿ: ಇಷ್ಟನ್ನು ಮೈಸೂರು ಮತ್ತು ಮಂಡ್ಯದ ಜಿಲ್ಲಾಡಳಿತಗಳು, ರಾಜ್ಯದ ಕ್ರೀಡಾ ಇಲಾಖೆ, ಜಿಎಸ್‌ಟಿ ಮಂಡಳಿಯಲ್ಲಿ ಕೂರುವ ನಮ್ಮ ರಾಜ್ಯದ ಪ್ರತಿನಿಧಿ ತಂತಮ್ಮ ಪಾಲಿನದನ್ನು ಮಾಡಿದರೆ ಮುಂದಿನ ಆಷಾಢಕ್ಕೆ ಆರಂಭಿಸಬಹುದು.